ಒಂದು ಬಸ್ ಟಿಕೆಟ್‌ಗೆ ಎಷ್ಟು ಹೊತ್ತು? ಇರಾನಿ ಸಿನಿಮಾಗಳಲ್ಲಿ ಹೆಣ್ಣಿನ ದಿನವನ್ನು ನೋಡುವ ಬಗೆ

ಇರಾನಿ ಸಿನಿಮಾ ನೋಡಬೇಕು ಅಂತ ಆಸೆ ಇದೆ, ಆದರೆ ಅರ್ಧ ಗಂಟೆಗೇ ಬೇಜಾರಾಗಿ ನಿಲ್ಲಿಸಿಬಿಟ್ಟೆ ಅಂತ ತುಂಬಾ ಜನ ಹೇಳುತ್ತಾರೆ. ಮೊದಲ ಸಲ ನನಗೂ ಹಾಗೇ ಆಗಿತ್ತು. ಹಾಡಿಲ್ಲ, ಹೊಡೆದಾಟವಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ ಅನ್ನುವಷ್ಟು ಕಡಿಮೆ. ಒಬ್ಬಳು ಹುಡುಗಿ ಮೀನು ತರಲು ಹೋಗುತ್ತಾಳೆ. ಒಬ್ಬಳು ಕಾರು ಓಡಿಸುತ್ತಾಳೆ. ಇನ್ನೊಬ್ಬಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಬೇಕು. ಅಷ್ಟೇ ಕಥೆ.

ಆಮೇಲೆ ನನಗೊಂದು ದಾರಿ ಸಿಕ್ಕಿತು. ಗಡಿಯಾರ ನೋಡುವುದು. ಈ ಸಿನಿಮಾಗಳಲ್ಲಿ ಕಥೆ ಅಂದರೆ ಒಂದು ಸಣ್ಣ ಕೆಲಸ ಮುಗಿಯಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದು. ಗಂಡಸಿಗೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಹೆಂಗಸಿಗೆ ಯಾಕೆ ಅರ್ಧ ದಿನ ಹಿಡಿಯುತ್ತದೆ, ನಡುವೆ ಯಾರು ಯಾರು ಅವಳನ್ನು ನಿಲ್ಲಿಸಿದರು, ಅವಳು ಯಾರ ಯಾರ ಅಪ್ಪಣೆ ಕೇಳಬೇಕಾಯಿತು ಅಂತ ನೋಡಲು ಶುರು ಮಾಡಿದ ಮೇಲೆ ನನಗೆ ಒಂದು ನಿಮಿಷವೂ ಬೇಜಾರಾಗಿಲ್ಲ. ನಾನು ನೋಡಿದ ಕ್ರಮವನ್ನೇ, ಒಂದೆರಡು ಬದಲಾವಣೆ ಮಾಡಿ, ಇಲ್ಲಿ ಬರೆದಿದ್ದೇನೆ. ವಾರಕ್ಕೊಂದು ಸಿನಿಮಾ ಸಾಕು, ಅವಸರ ಬೇಡ.

ಹಂತ 1: ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ

ಪ್ರತಿ ಸಿನಿಮಾಕ್ಕೆ ಒಂದು ಪುಟ. ಅದರಲ್ಲಿ ಮೂರೇ ಪ್ರಶ್ನೆ. ಅವಳು ಮಾಡಲು ಹೊರಟ ಕೆಲಸ ಏನು? ಯಾರು ತಡೆದರು? ಅವಳು ಯಾರನ್ನು ಕೇಳಬೇಕಾಯಿತು? ನೋಡುವಾಗ ಬರೆಯಬೇಡಿ, ಮುಗಿದ ಮೇಲೆ ಬರೆಯಿರಿ. ಫೋನ್ ಬೇರೆ ಕೋಣೆಯಲ್ಲಿರಲಿ. ಇದು ಬುದ್ಧಿವಾದ ಅಲ್ಲ, ಈ ಚಿತ್ರಗಳಲ್ಲಿ ಮುಖ್ಯವಾದದ್ದು ಹೆಚ್ಚಾಗಿ ಚೌಕಟ್ಟಿನ ಮೂಲೆಯಲ್ಲೋ ಬಾಗಿಲ ಆಚೆಯ ದನಿಯಲ್ಲೋ ಇರುತ್ತದೆ, ಫೋನ್ ಒಂದು ಸಲ ಮಿನುಗಿದರೆ ಅದು ತಪ್ಪಿಹೋಗುತ್ತದೆ.

ಹಂತ 2: ಮೊದಲು ನಿಯಮಗಳನ್ನು ತಿಳಿದುಕೊಳ್ಳಿ

ಈ ಹಂತ ಬಿಟ್ಟರೆ ಮುಂದಿನದು ಅರ್ಧಂಬರ್ಧ ಅರ್ಥವಾಗುತ್ತದೆ.

1979ರ ಇಸ್ಲಾಮಿಕ್ ಕ್ರಾಂತಿಯ ನಂತರ ಇರಾನಿನಲ್ಲಿ ಹೆಂಗಸರು ತಲೆ ಮುಚ್ಚಿಕೊಳ್ಳುವುದು ಕಡ್ಡಾಯವಾಯಿತು. 1983ರಲ್ಲಿ ಅದು ಕಾನೂನಿನಲ್ಲೇ ಶಿಕ್ಷೆಯ ವಿಷಯವಾಯಿತು. ಪರದೆಯ ಮೇಲೆ ಇದು ಇನ್ನೂ ಬಿಗಿ. ನಿಜಜೀವನದಲ್ಲಿ ಇರಾನಿನ ಹೆಂಗಸು ಮನೆಯೊಳಗೆ, ಗಂಡ ಮಕ್ಕಳ ಮುಂದೆ, ತಲೆ ಮುಚ್ಚಿಕೊಂಡು ಇರುವುದಿಲ್ಲ. ಆದರೆ ಸಿನಿಮಾದಲ್ಲಿ ಅಡುಗೆಮನೆಯಲ್ಲೂ ಸ್ಕಾರ್ಫ್, ಮಲಗುವ ಕೋಣೆಯಲ್ಲೂ ಸ್ಕಾರ್ಫ್. ನೋಡುವವರು ಪರಗಂಡಸರು ತಾನೇ, ಅದಕ್ಕೆ. ಇನ್ನೊಂದು ನಿಯಮ, ನಿಜವಾಗಿ ಸಂಬಂಧವಿಲ್ಲದ ಗಂಡು ಹೆಣ್ಣು ನಟರು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ತಾಯಿ ಮಗನ ಪಾತ್ರವಾದರೂ ತಬ್ಬಿಕೊಳ್ಳುವಂತಿಲ್ಲ. ಶೂಟಿಂಗ್‌ಗೂ ಸರ್ಕಾರದ ಪರವಾನಗಿ ಬೇಕು, ಬಿಡುಗಡೆಗೆ ಮತ್ತೊಂದು.

ಇದರಿಂದ ಏನಾಯಿತು ನೋಡಿ. ಸುಳ್ಳು ತೋರಿಸಲು ಇಷ್ಟವಿಲ್ಲದ ನಿರ್ದೇಶಕರು ಮನೆಯೊಳಗಿನ ದೃಶ್ಯವನ್ನೇ ಕೈಬಿಟ್ಟರು. ಕ್ಯಾಮೆರಾ ಬೀದಿಗೆ ಬಂತು, ಕಾರಿನೊಳಗೆ ಬಂತು, ಹಳ್ಳಿಯ ಓಣಿಗೆ ಬಂತು. ದೊಡ್ಡವರ ಪ್ರೀತಿ, ಜಗಳ ತೋರಿಸುವುದು ಕಷ್ಟವಾದ್ದರಿಂದ ಮಕ್ಕಳ ಮೂಲಕ ಕಥೆ ಹೇಳಿದರು. ಮಕ್ಕಳು ಮತ್ತು ಯುವಜನರಿಗಾಗಿ 1965ರಲ್ಲಿ ಟೆಹ್ರಾನಿನಲ್ಲಿ ಶುರುವಾಗಿದ್ದ ಕಾನೂನ್ ಎಂಬ ಸಂಸ್ಥೆಯಲ್ಲೇ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ ಕೆಲಸ ಕಲಿತದ್ದು, ಹಾಗಾಗಿ ಆ ಅಭ್ಯಾಸ ಅವರ ಕೈಯಲ್ಲಿ ಮೊದಲೇ ಇತ್ತು. ಕಡಿಮೆ ತೋರಿಸುವುದು ಇವರಿಗೆ ಬರೀ ಶೈಲಿಯಲ್ಲ. ಎಲ್ಲಿ ತೋರಿಸಲಾಗುವುದಿಲ್ಲವೋ ಅಲ್ಲಿ ಸುಳ್ಳು ಹೇಳುವುದಿಲ್ಲ ಎಂಬ ಹಟ ಅದರಲ್ಲಿದೆ. ಈ ಹಟ ನನಗೆ ತುಂಬಾ ಇಷ್ಟ.

ಹಂತ 3: ದಿ ವೈಟ್ ಬಲೂನ್‌ನಿಂದ ಶುರು ಮಾಡಿ

1995ರ ಚಿತ್ರ. ಜಾಫರ್ ಪನಾಹಿ ನಿರ್ದೇಶನ, ಕಿಯಾರೊಸ್ತಮಿ ಚಿತ್ರಕಥೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿ ಇದಕ್ಕೆ ಬಂತು. ಒಂದೂವರೆ ಗಂಟೆಗಿಂತ ಕಡಿಮೆ ಅವಧಿ, ಕಥೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನದು.

ಇರಾನಿನ ಹೊಸ ವರ್ಷ ನೌರೂಜ್. ಆ ದಿನ ಮನೆಯಲ್ಲಿ ಬಟ್ಟಲಲ್ಲಿ ಬಂಗಾರದ ಬಣ್ಣದ ಮೀನು ಇಡುತ್ತಾರೆ. ಏಳು ವರ್ಷದ ರಜಿಯೆಗೆ ತನ್ನ ಮನೆಯ ತೊಟ್ಟಿಯಲ್ಲಿರುವ ಬಡಕಲು ಮೀನು ಬೇಡ, ಅಂಗಡಿಯಲ್ಲಿ ಕಂಡ ದುಂಡನೆಯ ಮೀನೇ ಬೇಕು. ಬೆಲೆ 100 ತೋಮಾನ್. ಅಮ್ಮನ ಹತ್ತಿರ ಉಳಿದಿರುವುದು 500ರ ಒಂದೇ ನೋಟು. ಅಣ್ಣ ಬೇಡಿಕೊಂಡ ಮೇಲೆ ಅಮ್ಮ ಕೊಡುತ್ತಾಳೆ. ನೋಟು ದಾರಿಯಲ್ಲಿ ಮುಚ್ಚಿದ ಅಂಗಡಿಯ ಮುಂದಿನ ಕಬ್ಬಿಣದ ಸರಳುಗಳ ಸಂದಿಯಲ್ಲಿ ಬಿದ್ದುಹೋಗುತ್ತದೆ. ಮುಂದಿನದು ಪೂರ್ತಿ ಅದನ್ನು ಮೇಲೆತ್ತುವ ಪಾಡು.

ಎಲ್ಲರೂ ಹುಡುಗಿಯನ್ನು ನೋಡುತ್ತಾರೆ. ನೀವು ಎರಡು ಬೇರೆ ಕಡೆ ಗಮನ ಕೊಡಿ. ಒಂದು, ಅಪ್ಪ. ಅವನ ಮುಖ ಒಮ್ಮೆಯೂ ಕಾಣುವುದಿಲ್ಲ. ಬಚ್ಚಲಿನಿಂದ ದನಿ ಮಾತ್ರ ಬರುತ್ತದೆ, ಅದು ತಾ, ಇದು ತಾ ಅಂತ. ಆ ದನಿ ಬಂದ ತಕ್ಷಣ ಮನೆಯಲ್ಲಿದ್ದವರ ಮೈ ಹೇಗೆ ಬಿಗಿಯಾಗುತ್ತದೆ ನೋಡಿ. ಕಾಣದ ಗಂಡಸಿನ ಸುತ್ತ ಅಮ್ಮನ ಇಡೀ ಬೆಳಗ್ಗೆ ಸುತ್ತುತ್ತಿದೆ. ಎರಡು, ಹಾವಾಡಿಗರ ಗುಂಪು. ಹೆಣ್ಣುಮಕ್ಕಳು ನೋಡುವಂಥದ್ದಲ್ಲ ಅಂತ ರಜಿಯೆಗೆ ಹೇಳಿರುತ್ತಾರೆ. ನನಗೆ ನೋಡಬಾರದ್ದು ಏನಿರಬಹುದು ಅಂತ ನೋಡಬೇಕಿತ್ತು ಎಂಬರ್ಥದ ಮಾತನ್ನು ಅವಳು ಎಷ್ಟು ಸರಳವಾಗಿ ಹೇಳುತ್ತಾಳೆ ಅಂದರೆ, ನನಗೆ ಅದು ಈ ದೇಶದ ಮುಂದಿನ ಎಷ್ಟೋ ಚಿತ್ರಗಳ ಮೊದಲ ಸಾಲಿನ ಹಾಗೆ ಕೇಳಿಸಿತು.

ಹಂತ 4: ಟೆನ್, ಕಿವಿ ಕೊಟ್ಟು ನೋಡುವ ಸಿನಿಮಾ

ಇಲ್ಲಿ ಸ್ವಲ್ಪ ನಿಲ್ಲಬೇಕು. ತುಂಬಾ ಜನ ಬಿಟ್ಟು ಎದ್ದುಹೋಗುವುದು ಇಲ್ಲೇ.

2002ರ ಕಿಯಾರೊಸ್ತಮಿ ಚಿತ್ರ ಇದು. ಕಾರಿನ ಮುಂಭಾಗಕ್ಕೆ ಬಿಗಿದ ಎರಡು ಡಿಜಿಟಲ್ ಕ್ಯಾಮೆರಾ, ಒಂದು ಓಡಿಸುವವಳ ಕಡೆ, ಇನ್ನೊಂದು ಪಕ್ಕದ ಸೀಟಿನ ಕಡೆ. ಹತ್ತು ಮಾತುಕತೆ. ಹತ್ತರಿಂದ ಒಂದರವರೆಗೆ ಅಂಕಿ ಇಳಿಯುತ್ತಾ ಬರುತ್ತದೆ. ಕಾರು ಓಡಿಸುವವಳು ಮಾನಿಯಾ ಅಕ್ಬರಿ, ಮೊದಲು ಹತ್ತುವುದು ಅವರ ಸ್ವಂತ ಮಗು.

ಮೊದಲ ಭಾಗ ಸುಮಾರು ಕಾಲು ಗಂಟೆ. ಆ ಕಾಲು ಗಂಟೆಯೂ ಕ್ಯಾಮೆರಾ ಮಗುವಿನ ಮೇಲೇ ಇರುತ್ತದೆ. ಮಗು ಅಮ್ಮನ ಮೇಲೆ ರೇಗುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ, ನೀನು ನಿನ್ನನ್ನು ಮಾತ್ರ ನೋಡಿಕೊಳ್ಳುತ್ತೀಯ ಅಂತ ಕೂಗಾಡುತ್ತದೆ. ಅಮ್ಮನ ದನಿ ಮಾತ್ರ ಕೇಳಿಸುತ್ತದೆ. ವಿಚ್ಛೇದನ ಸಿಗಬೇಕಾದರೆ ಗಂಡ ಮಾದಕ ವ್ಯಸನಿ ಅಂತ ನ್ಯಾಯಾಲಯದಲ್ಲಿ ಸುಳ್ಳು ಹೇಳಬೇಕಾಯಿತು, ಬೇರೆ ದಾರಿ ಇರಲಿಲ್ಲ ಅಂತ ಅವಳು ಹೇಳುವುದೂ ಇಲ್ಲೇ. ಮಗು ಇಳಿದು ಹೋದ ಮೇಲೆ ಮೊದಲ ಸಲ ಅವಳ ಮುಖ ಕಾಣುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಆ ಕಾಲು ಗಂಟೆ ಅಮ್ಮನ ಮುಖವನ್ನು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾ ಹೋಗಿ. ಎಷ್ಟು ವಯಸ್ಸು, ಎಂಥ ಬಟ್ಟೆ, ಅಳುತ್ತಿದ್ದಾಳಾ, ಕೋಪವಾ. ಮುಖ ಕಂಡಾಗ ನೀವು ಬರೆದುಕೊಂಡದ್ದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿ. ನಾನು ಸೋತುಹೋದ, ಮುದುಡಿದ ಹೆಂಗಸನ್ನು ನಿರೀಕ್ಷಿಸಿದ್ದೆ. ಕಂಡದ್ದು ಚೆಂದವಾಗಿ ಸಿಂಗರಿಸಿಕೊಂಡ, ತಂಪು ಕನ್ನಡಕ ಹಾಕಿದ ಹೆಂಗಸು. ದುಃಖ ಇದ್ದವರು ಹೀಗೇ ಇರುತ್ತಾರೆ ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿರುತ್ತದೆ, ಅಲ್ವಾ?

ಮುಂದೆ ಅಕ್ಕ ಹತ್ತುತ್ತಾಳೆ, ದರ್ಗಾಕ್ಕೆ ಹೊರಟ ಮುದುಕಿ ಹತ್ತುತ್ತಾಳೆ, ರಾತ್ರಿ ಮೈ ಮಾರಿ ಬದುಕುವ ಒಬ್ಬಳು ಹತ್ತುತ್ತಾಳೆ. ಕೊನೆಗೆ ಒಬ್ಬಳ ಬಗ್ಗೆ ಹೇಳಲೇಬೇಕು. ಮದುವೆಯಾಗುತ್ತಾನೆ ಅಂತ ನಂಬಿದ್ದವನು ಕೈಬಿಟ್ಟಿದ್ದಾನೆ. ಅವಳ ಸ್ಕಾರ್ಫ್ ಅಂದು ಹಣೆಯ ಮೇಲೆ ತುಂಬಾ ಬಿಗಿಯಾಗಿದೆ. ಗೆಳತಿ ಯಾಕೆ ಅಂತ ಕೇಳುತ್ತಾಳೆ. ಅವಳು ನಿಧಾನಕ್ಕೆ ಸ್ಕಾರ್ಫ್ ಸಡಿಲಿಸುತ್ತಾಳೆ, ಒಳಗೆ ಬೋಳು ತಲೆ. ನಗುತ್ತಾಳೆ, ಕಣ್ಣೀರೂ ಇಳಿಯುತ್ತದೆ. ಆಗ ಚೌಕಟ್ಟಿನ ಆಚೆಯಿಂದ ಓಡಿಸುವವಳ ಕೈ ಬಂದು ಆ ಕಣ್ಣೀರು ಒರೆಸುತ್ತದೆ. ಇಡೀ ಸಿನಿಮಾದಲ್ಲಿ ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ದಾಟುವುದು ಮಾತು ಮಾತ್ರ, ಇಲ್ಲಿ ಒಂದು ಕೈ ದಾಟುತ್ತದೆ. ಆ ಕ್ಷಣವನ್ನು ನಿಲ್ಲಿಸಿ ಮತ್ತೊಮ್ಮೆ ನೋಡಿ.

ಒಂದು ವಿಷಯ ಮುಚ್ಚಿಡಬಾರದು. ಈ ಚಿತ್ರದ ದೃಶ್ಯಗಳು ನಿಜವಾಗಿ ಯಾರವು, ತನ್ನವಾ ಕಿಯಾರೊಸ್ತಮಿಯವಾ ಅಂತ ಮಾನಿಯಾ ಅಕ್ಬರಿ ಆಮೇಲೆ ಬಹಿರಂಗವಾಗಿ ತಕರಾರು ಎತ್ತಿದ್ದಾರೆ. ಹೆಂಗಸರ ಬದುಕಿನ ಬಗ್ಗೆ ದೊಡ್ಡ ಹೆಸರು ಪಡೆದ ಸಿನಿಮಾದಲ್ಲೇ ಈ ಪ್ರಶ್ನೆ ಬಂದಿದೆ ಅನ್ನುವುದು ತಿಳಿದಿರಲಿ. ನೋಡುವಾಗ ಜೊತೆಗಿಟ್ಟುಕೊಳ್ಳಿ.

ಹಂತ 5: ಹೆಂಗಸರೇ ಮಾಡಿದ ಸಿನಿಮಾಗಳಿಗೆ ಬನ್ನಿ

ಗಂಡಸು ನಿರ್ದೇಶಕರ ಎರಡು ಚಿತ್ರ ಆಯಿತು. ಈಗ ಹೆಂಗಸರ ಕಣ್ಣು. ಈ ಹಂತಕ್ಕೆ ಮೂರು ವಾರ ಬೇಕು.

ಮೊದಲು ದಿ ಡೇ ಐ ಬಿಕೇಮ್ ಎ ವುಮನ್. 2000ದಲ್ಲಿ ಬಂದ ಮರ್ಜಿಯೆ ಮೆಷ್ಕಿನಿಯ ಮೊದಲ ಚಿತ್ರ. ಪರ್ಷಿಯನ್ ಕೊಲ್ಲಿಯ ಕಿಶ್ ದ್ವೀಪದಲ್ಲಿ ನಡೆಯುವ ಮೂರು ಕಥೆ, ಹುಡುಗಿ, ಹೆಂಗಸು, ಮುದುಕಿ. ಗಡಿಯಾರ ಹಿಡಿದು ನೋಡಿ ಅಂದೆನಲ್ಲ, ಈ ಚಿತ್ರದಲ್ಲಿ ಗಡಿಯಾರ ನಿಜವಾಗಿಯೂ ಇದೆ. ಹವಾಗೆ ಇವತ್ತು ಒಂಬತ್ತು ತುಂಬುತ್ತದೆ. ಇನ್ನು ಗಂಡುಹುಡುಗರ ಜೊತೆ ಆಡುವಂತಿಲ್ಲ, ತಲೆಯಿಂದ ಕಾಲಿನವರೆಗೆ ಮುಚ್ಚುವ ಚಾದರ ಹೊದೆಯಬೇಕು. ಆದರೆ ಹುಟ್ಟಿದ್ದು ಮಧ್ಯಾಹ್ನ, ಅಂದರೆ ಇನ್ನೊಂದು ಗಂಟೆ ಬಾಕಿ ಇದೆ. ಒಂದು ಕಡ್ಡಿ ಕೊಡುತ್ತಾರೆ. ಮರಳಿನಲ್ಲಿ ನೆಟ್ಟು ನೆರಳು ನೋಡು, ನೆರಳು ಮಾಯವಾದಾಗ ವಾಪಸ್ ಬಾ. ಅವಳ ಗೆಳೆಯ ಹೋಂವರ್ಕ್ ಮಾಡುತ್ತಾ ಮನೆಯೊಳಗೆ ಸಿಕ್ಕಿಕೊಂಡಿದ್ದಾನೆ. ಕಿಟಕಿಯ ಸರಳುಗಳ ಆಚೆ ಅವನು, ಈಚೆ ಇವಳು. ಒಂದೇ ಲಾಲಿಪಾಪನ್ನು ಇಬ್ಬರೂ ಸರದಿಯಂತೆ ಚೀಪುತ್ತಾರೆ. ಕಡ್ಡಿಯ ನೆರಳು ಗೇಣಿನಿಂದ ಬೆರಳಿಗೆ, ಬೆರಳಿನಿಂದ ಉಗುರಿಗೆ ಇಳಿಯುತ್ತದೆ. ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಪ್ರೀತಿಯಿಂದಲೇ ಬಾಲ್ಯ ಮುಗಿಸುತ್ತಾರೆ. ನನ್ನ ಹೊಟ್ಟೆಯಲ್ಲಿ ಸಂಕಟವಾದದ್ದು ಅದಕ್ಕೇ.

ಎರಡನೇ ಕಥೆಯಲ್ಲಿ ಕಪ್ಪು ಚಾದರದ ಹೆಂಗಸರ ಸೈಕಲ್ ಪಂದ್ಯ, ಪಕ್ಕದಲ್ಲಿ ಸಮುದ್ರ. ಆಹೂ ಪೆಡಲ್ ತುಳಿಯುತ್ತಿದ್ದರೆ ಗಂಡ ಕುದುರೆಯ ಮೇಲೆ ಬಂದು ಇಳಿ ಅನ್ನುತ್ತಾನೆ. ಆಮೇಲೆ ಮುಲ್ಲಾ ಬರುತ್ತಾರೆ, ಊರ ಹಿರಿಯರು ಬರುತ್ತಾರೆ, ಅಣ್ಣತಮ್ಮಂದಿರು ಬರುತ್ತಾರೆ. ಅವಳು ತುಳಿಯುತ್ತಲೇ ಇರುತ್ತಾಳೆ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ, ಗೊರಸಿನ ಸದ್ದು ಹತ್ತಿರ ಬಂದಾಗ ಪೆಡಲಿನ ವೇಗ ಹೇಗೆ ಬದಲಾಗುತ್ತದೆ ಕೇಳಿ.

ಮೂರನೆಯದು ಹೂರಾ ಎಂಬ ಮುದುಕಿಯದು. ಕೈಗೆ ದುಡ್ಡು ಬಂದಿದೆ. ಜೀವನದಲ್ಲಿ ಕೊಳ್ಳಲಾಗದ್ದನ್ನೆಲ್ಲ ಇವತ್ತು ಕೊಳ್ಳಬೇಕು, ಮರೆಯಬಾರದು ಅಂತ ಬೆರಳುಗಳಿಗೆ ದಾರ ಕಟ್ಟಿಕೊಂಡಿದ್ದಾಳೆ. ಫ್ರಿಜ್, ಪಾತ್ರೆ ಪಗಡಿ ಎಲ್ಲ ಕೊಂಡು ಮರಳ ತೀರದಲ್ಲೇ ಮನೆಯಂತೆ ಜೋಡಿಸಿ ಕೂರುತ್ತಾಳೆ. ಒಂದು ದಾರ ಮಾತ್ರ ಬಿಚ್ಚಲಾಗುವುದಿಲ್ಲ, ಯಾವುದಕ್ಕೆ ಕಟ್ಟಿದ್ದು ಅಂತ ನೆನಪಿಲ್ಲ. ನಾನು ಇದನ್ನು ನಮ್ಮ ಸೋದರತ್ತೆಯ ಜೊತೆ ನೋಡಿದೆ. ಪರ್ಷಿಯನ್ನೂ ಬಾರದು, ಸಬ್‌ಟೈಟಲ್ ಓದುವಷ್ಟು ಇಂಗ್ಲಿಷೂ ಬಾರದು, ನಾನೇ ಹೇಳುತ್ತಾ ಹೋದೆ. ಆ ದಾರದ ಹತ್ತಿರ ಅವರು, ಅದು ಯಾವುದಕ್ಕೆ ಅಂತ ನಂಗೊತ್ತು ಬಿಡು ಅಂದರು. ಏನು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ. ಸಾಧ್ಯವಾದರೆ ನೀವೂ ಮನೆಯ ಹಿರಿಯ ಹೆಂಗಸೊಬ್ಬರ ಜೊತೆ ಕೂತು ನೋಡಿ.

ಎರಡನೇ ವಾರ ದಿ ಆಪಲ್, 1998. ಪರ್ಷಿಯನ್‌ನಲ್ಲಿ ಹೆಸರು ಸೀಬ್, ನಮ್ಮ ಸೇಬು ಬಂದದ್ದು ಅಲ್ಲಿಂದಲೇ. ಸಮೀರಾ ಮಖ್ಮಲ್‌ಬಾಫ್ ಇದನ್ನು ಮಾಡಿದಾಗ ಹದಿಹರೆಯದ ಹುಡುಗಿ. ಹನ್ನೊಂದು ವರ್ಷ ಮನೆಯೊಳಗೇ ಕೂಡಿಹಾಕಿದ್ದ ಅವಳಿ ಹೆಣ್ಣುಮಕ್ಕಳ ನಿಜ ಘಟನೆ ಇದು, ನಟಿಸಿದ್ದೂ ಆ ಕುಟುಂಬದವರೇ. ಹೆಣ್ಣು ಹೂವಿನಂತೆ, ಬಿಸಿಲು ತಾಗಿದರೆ ಬಾಡುತ್ತಾಳೆ ಎಂಬುದು ಅಪ್ಪನ ನಂಬಿಕೆ. ಸಮಾಜ ಕಲ್ಯಾಣದ ಅಧಿಕಾರಿಣಿ ಅಪ್ಪನನ್ನೇ ಒಳಗೆ ಹಾಕಿ ಬೀಗ ಜಡಿದು, ಕೈಗೊಂದು ಗರಗಸ ಕೊಟ್ಟು, ಸರಳು ಕುಯ್ದು ಹೊರಗೆ ಬಾ ಅನ್ನುತ್ತಾಳೆ. ಕೊನೆಯ ದೃಶ್ಯವನ್ನು ಮಾತ್ರ ಬಿಡಬೇಡಿ. ಮೇಲಿನ ಕಿಟಕಿಯಿಂದ ಹುಡುಗನೊಬ್ಬ ದಾರಕ್ಕೆ ಸೇಬು ಕಟ್ಟಿ ತೂಗಾಡಿಸುತ್ತಾನೆ. ಕಣ್ಣು ಕಾಣದ ತಾಯಿ, ಮುಖದ ಮೇಲೆ ಪೂರ್ತಿ ಚಾದರ ಎಳೆದುಕೊಂಡವಳು, ಗಾಳಿಯಲ್ಲಿ ತಡಕಾಡಿ ಅದನ್ನು ಹಿಡಿಯುತ್ತಾಳೆ. ಮಕ್ಕಳ ಕಥೆ ಅಂತ ನಾವು ನೋಡುತ್ತಿದ್ದಾಗ ಕೂಡಿಹಾಕಲ್ಪಟ್ಟ ಮೂರನೆಯವಳು ಒಬ್ಬಳು ಅಲ್ಲೇ ಇದ್ದಳು.

ಮೂರನೇ ವಾರ ರಖ್ಷಾನ್ ಬನಿ-ಎತೆಮಾದ್. ಇವರ ಅಂಡರ್ ದಿ ಸ್ಕಿನ್ ಆಫ್ ದಿ ಸಿಟಿ 2001ರಲ್ಲಿ ಬಂತು. ಇದನ್ನು ಮಿನಿಮಲಿಸ್ಟ್, ಅಂದರೆ ಕಡಿಮೆ ತೋರಿಸುವ ಸಿನಿಮಾ, ಅನ್ನಲಾಗದು, ಕಥೆ ಜಾಸ್ತಿ, ಜನ ಜಾಸ್ತಿ. ಆದರೂ ಸೇರಿಸಿದ್ದೇನೆ, ಯಾಕೆಂದರೆ ಬಟ್ಟೆ ಗಿರಣಿಯಲ್ಲಿ ದುಡಿಯುವ ತೂಬಾಳ ಸಂಸಾರ, ಮನೆ ಉಳಿಸಿಕೊಳ್ಳುವ ಅವಳ ಪರದಾಟ ಬೇರೆಲ್ಲೂ ಇಷ್ಟು ಹತ್ತಿರದಿಂದ ಕಂಡಿಲ್ಲ. ಕೊನೆಯಲ್ಲಿ ತೂಬಾ ಸಾಕ್ಷ್ಯಚಿತ್ರದವರ ಕ್ಯಾಮೆರಾಕ್ಕೆ ಮುಖ ಕೊಟ್ಟು, ನನ್ನ ಎದೆಯೊಳಗೆ ಆಗುತ್ತಿರುವುದನ್ನು ಯಾರಾದರೂ ಚಿತ್ರ ತೆಗೆಯಬಾರದಾ, ಇದನ್ನೆಲ್ಲ ಯಾರಿಗೆ ತೋರಿಸುತ್ತೀರಿ ಎಂಬ ಅರ್ಥದಲ್ಲಿ ಕೇಳುತ್ತಾಳೆ. ಸಮಯ ಇದ್ದರೆ ಇವರದೇ ದಿ ಮೇ ಲೇಡಿಯನ್ನೂ ನೋಡಿ, 1998ರದು. ಅದರಲ್ಲಿ ನಾಯಕಿಯ ಪ್ರಿಯಕರ ಪರದೆಗೆ ಬರುವುದೇ ಇಲ್ಲ, ದನಿ ಮತ್ತು ಪತ್ರ ಅಷ್ಟೇ. ಮುಟ್ಟುವಂತಿಲ್ಲದಿದ್ದರೆ ತೋರಿಸುವುದೇ ಬೇಡ ಅಂತ.

ಹಂತ 6: ಈಗ ದಿ ಸರ್ಕಲ್

ಇದನ್ನು ಮೊದಲೇ ನೋಡಬೇಡಿ. ಎದೆ ಭಾರವಾಗುತ್ತದೆ. ಮೇಲಿನವನ್ನೆಲ್ಲ ನೋಡಿದ ಮೇಲೆ ಮಾತ್ರ ಇದರ ಒಂದೊಂದು ತಿರುವೂ ತಟ್ಟುತ್ತದೆ.

ಪನಾಹಿಯ 2000ದ ಚಿತ್ರ, ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್ ಬಂತು, ಇರಾನಿನಲ್ಲಿ ನಿಷೇಧವಾಯಿತು. ಶುರುವಾಗುವುದು ಕತ್ತಲೆಯಲ್ಲಿ, ಹೆರಿಗೆಯ ನರಳಾಟದ ಸದ್ದಿನಿಂದ. ಬಿಳಿ ಬಾಗಿಲಿನ ಸಣ್ಣ ಕಿಂಡಿ ತೆರೆಯುತ್ತದೆ, ನರ್ಸ್ ಹೆಣ್ಣುಮಗು ಅನ್ನುತ್ತಾಳೆ. ಅಜ್ಜಿಯ ಮುಖ ಇಳಿದುಹೋಗುತ್ತದೆ, ಸ್ಕ್ಯಾನಿಂಗ್‌ನಲ್ಲಿ ಗಂಡು ಅಂದಿದ್ದರಂತೆ. ಹೆತ್ತವಳ ಹೆಸರು ಸೋಲ್ಮಾಜ್ ಗೊಲಾಮಿ. ಈ ಹೆಸರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಟಿಕೆಟ್ಟಿನ ಕಥೆ ಇಲ್ಲಿಯದು. ಜೈಲಿನಿಂದ ಹೊರಬಂದ ನರ್ಗೆಸ್ ಎಂಬ ಹುಡುಗಿಗೆ ತನ್ನ ಊರಿಗೆ ಹೋಗಬೇಕು. ಜೊತೆಗೆ ಗಂಡಸಿಲ್ಲ, ವಿದ್ಯಾರ್ಥಿನಿ ಅನ್ನುವ ಗುರುತಿನ ಚೀಟಿಯೂ ಇಲ್ಲ. ಟಿಕೆಟ್ಟಿನ ದುಡ್ಡನ್ನು ಗೆಳತಿ ಎಲ್ಲಿಂದ ತಂದಳು ಅನ್ನುವುದನ್ನು ಪನಾಹಿ ತೋರಿಸುವುದಿಲ್ಲ, ತೋರಿಸದೆಯೇ ನಮಗೆ ಗೊತ್ತಾಗುತ್ತದೆ. ಅಂತೂ ಟಿಕೆಟ್ ಕೈಗೆ ಬಂದ ಮೇಲೆ ಬಸ್ಸಿನ ಹತ್ತಿರ ಪೊಲೀಸರ ತಪಾಸಣೆ. ಅವಳು ಹತ್ತದೆ ತಿರುಗಿ ಹೋಗುತ್ತಾಳೆ. ಕಥೆ ಅಲ್ಲಿಂದ ಇನ್ನೊಬ್ಬಳ ಹಿಂದೆ ಹೊರಡುತ್ತದೆ, ಅವಳಿಂದ ಮತ್ತೊಬ್ಬಳ ಹಿಂದೆ. ನರ್ಗೆಸ್ ಏನಾದಳು ಅಂತ ಕೇಳಿಕೊಳ್ಳಲೂ ಬಿಡುವು ಸಿಗುವುದಿಲ್ಲ.

ಇದನ್ನು ನೋಡುವಾಗ ಒಂದೇ ವಸ್ತುವಿನ ಹಿಂದೆ ಹೋಗಿ, ಸಿಗರೇಟು. ಪ್ರತಿಯೊಬ್ಬಳೂ ಒಂದು ಸಿಗರೇಟು ಸೇದಬೇಕು ಅಂದುಕೊಳ್ಳುತ್ತಾಳೆ, ಪ್ರತಿ ಸಲವೂ ಯಾರೋ ಅಡ್ಡ ಬರುತ್ತಾರೆ. ಸಿಗರೇಟು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಮಾತಲ್ಲ. ಬೀದಿಯಲ್ಲಿ ಗಂಡಸರು ಸುಮ್ನೆ ಸೇದಿಕೊಂಡು ನಿಂತಿರುತ್ತಾರೆ. ಕೊನೆಗೂ ಒಬ್ಬಳು ಕಡ್ಡಿ ಗೀರುವುದು ಎಲ್ಲಿ ಗೊತ್ತಾ? ಪೊಲೀಸ್ ವ್ಯಾನಿನೊಳಗೆ. ಆಮೇಲೆ ಜೈಲಿನ ಕೋಣೆ, ಮೊದಲ ದೃಶ್ಯದಂಥದ್ದೇ ಕಿಂಡಿ, ಕಾವಲಿನವನು ಫೋನಿನಲ್ಲಿ ಕೇಳಿ ಒಂದು ಹೆಸರು ಕೂಗುತ್ತಾನೆ. ನೋಟ್‌ಬುಕ್ ತೆಗೆದು ನೋಡಿ.

ಹಂತ 7: ಉಸಿರಾಡಲು ಆಫ್‌ಸೈಡ್

ದಿ ಸರ್ಕಲ್ ನೋಡಿದ ವಾರವೇ ಇದನ್ನೂ ನೋಡಿಬಿಡಿ. ಅದೇ ಪನಾಹಿ, 2006. ಇರಾನ್ ಮತ್ತು ಬಹ್ರೇನ್ ನಡುವಿನ ವಿಶ್ವಕಪ್ ಫುಟ್‌ಬಾಲ್ ಅರ್ಹತಾ ಪಂದ್ಯ, ಹೆಂಗಸರನ್ನು ಬಿಡದ ಕ್ರೀಡಾಂಗಣಕ್ಕೆ ಗಂಡುವೇಷ ಹಾಕಿ ನುಗ್ಗಲು ಹೋಗಿ ಸಿಕ್ಕಿಬಿದ್ದ ಹುಡುಗಿಯರು, ಅವರನ್ನು ಕಾಯುವ ಹಳ್ಳಿ ಹೈದರಂಥ ಸೈನಿಕರು. ನಗು ಬರುತ್ತದೆ. ಆಟ ನಮಗೂ ಕಾಣುವುದಿಲ್ಲ, ಹುಡುಗಿಯರ ಹಾಗೆ ನಾವೂ ಗೋಡೆಯಾಚೆಯ ಕೂಗು ಮಾತ್ರ ಕೇಳುತ್ತೇವೆ. ಟೆಹ್ರಾನಿನ ಆಜಾದಿ ಕ್ರೀಡಾಂಗಣದಲ್ಲಿ ಹೆಂಗಸರು ಟಿಕೆಟ್ ಕೊಂಡು ಕೂತು ಇಂಥ ಪಂದ್ಯ ನೋಡಿದ್ದು 2019ರ ಅಕ್ಟೋಬರ್‌ನಲ್ಲಿ.

ಈ ಚಿತ್ರಗಳಿಗೆ ಪನಾಹಿ ತೆತ್ತ ಬೆಲೆಯೂ ಸಣ್ಣದಲ್ಲ. 2010ರಲ್ಲಿ ಆರು ವರ್ಷ ಜೈಲು, ಇಪ್ಪತ್ತು ವರ್ಷ ಸಿನಿಮಾ ಮಾಡಬಾರದು ಅಂತ ತೀರ್ಪು ಬಂತು. ಅವರು ಮಾಡುತ್ತಲೇ ಹೋದರು, 2025ರಲ್ಲಿ ಕಾನ್‌ನ ದೊಡ್ಡ ಪ್ರಶಸ್ತಿಯನ್ನೂ ಗೆದ್ದರು.

ಹಂತ 8: ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ

ಹಿಂದಕ್ಕೆ ಅಂದರೆ ಕವಿ ಫರೂಗ್ ಫರೋಖ್‌ಜಾದ್. ಕ್ರಾಂತಿಗಿಂತ ತುಂಬಾ ಮೊದಲು, ಕುಷ್ಠರೋಗಿಗಳ ವಸತಿಯ ಬಗ್ಗೆ ದಿ ಹೌಸ್ ಈಸ್ ಬ್ಲ್ಯಾಕ್ ಎಂಬ ಇಪ್ಪತ್ತು ನಿಮಿಷ ಚಿಲ್ಲರೆಯ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಒಬ್ಬ ಹೆಂಗಸು ಕನ್ನಡಿ ನೋಡಿಕೊಳ್ಳುತ್ತಾಳೆ. ಅಷ್ಟು ಸಾಕು, ಉಳಿದದ್ದು ನೀವೇ ನೋಡಿ. ಫರೂಗ್ 1967ರಲ್ಲಿ ಕಾರು ಅಪಘಾತದಲ್ಲಿ ಹೋದಾಗ ಅವರಿಗೆ 32 ವರ್ಷ.

ಮುಂದಕ್ಕೆ ಅಂದರೆ ಮೈ ಫೇವರಿಟ್ ಕೇಕ್, 2024. ಸ್ಕಾರ್ಫ್ ಸರಿಯಾಗಿ ಹಾಕಿಲ್ಲ ಅಂತ ಹಿಡಿದಿದ್ದ ಮಹ್ಸಾ ಅಮಿನಿ ಎಂಬ ಯುವತಿ 2022ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ವಶದಲ್ಲಿದ್ದಾಗ ತೀರಿಕೊಂಡ ಮೇಲೆ ಬೀದಿಯಲ್ಲೇ ಹೆಂಗಸರು ಸ್ಕಾರ್ಫ್ ತೆಗೆದರು. ಈ ಚಿತ್ರದಲ್ಲಿ 70 ವರ್ಷದ ವಿಧವೆ ಮಹೀನ್ ತನ್ನ ಮನೆಯಲ್ಲಿ ತಲೆ ಮುಚ್ಚದೆ ಓಡಾಡುತ್ತಾಳೆ, ಅಡುಗೆ ಮಾಡುತ್ತಾಳೆ, ಒಬ್ಬ ಮುದುಕನನ್ನು ಮನೆಗೆ ಕರೆಯುತ್ತಾಳೆ. ನಿರ್ದೇಶಕರಾದ ಮರ್ಯಮ್ ಮೊಗದ್ದಮ್ ಮತ್ತು ಬೆಹ್ತಾಶ್ ಸನಾಯಿಹಾ ಅವರನ್ನು ಬರ್ಲಿನ್ ಉತ್ಸವಕ್ಕೆ ಹೋಗಲು ಬಿಡಲಿಲ್ಲ. ಹಂತ 2ರ ನಿಯಮ ನೆನಪಿಟ್ಟುಕೊಂಡು ಬಂದವರಿಗೆ, ಅಡುಗೆಮನೆಯಲ್ಲಿ ನಿಂತ ಆ ಮುದುಕಿಯ ಬರಿಯ ಕೂದಲು ಕಂಡಾಗಲೇ ಗಂಟಲು ಕಟ್ಟುತ್ತದೆ.

ಒಂದು ಎಚ್ಚರಿಕೆ. ಇವು ಹತ್ತೋ ಹನ್ನೆರಡೋ ಚಿತ್ರ. ಇಷ್ಟರಿಂದ ಇರಾನಿನ ಹೆಂಗಸರೆಲ್ಲ ಹೀಗೆ ಅಂತ ತೀರ್ಮಾನ ಮಾಡಬೇಡಿ. ಅಲ್ಲಿ ಜನ ಮುಗಿಬಿದ್ದು ನೋಡುವ ಹಾಸ್ಯ ಚಿತ್ರಗಳು, ಸಂಸಾರದ ಕಥೆಗಳು ಬೇರೆಯೇ ಇವೆ. ಇಲ್ಲಿ ಹೇಳಿದ ಕೆಲವು ಚಿತ್ರಗಳನ್ನು ಅಲ್ಲಿನವರಿಗೇ ಥಿಯೇಟರಿನಲ್ಲಿ ನೋಡಲು ಬಿಟ್ಟಿಲ್ಲ.

ಹಂತ 9: ಶಿರೀನ್, ಕೊನೆಗೆ

2008ರ ಕಿಯಾರೊಸ್ತಮಿ ಚಿತ್ರ. ನೂರಕ್ಕೂ ಹೆಚ್ಚು ನಟಿಯರು ಕತ್ತಲಲ್ಲಿ ಕೂತು ಒಂದು ಸಿನಿಮಾ ನೋಡುತ್ತಿದ್ದಾರೆ, ಖುಸ್ರೋ ಮತ್ತು ಶಿರೀನರ ಹಳೆಯ ಪ್ರೇಮಕಥೆ. ನಮಗೆ ಆ ಕಥೆ ಕೇಳಿಸುತ್ತದೆ, ಕಾಣುವುದಿಲ್ಲ. ಕಾಣುವುದು ಆ ಮುಖಗಳು ಮಾತ್ರ, ಒಂದೂವರೆ ಗಂಟೆ ಪೂರ್ತಿ. ಯಾರಿಗೂ ಕೆಲಸವಿಲ್ಲ, ಯಾರ ಅಪ್ಪಣೆಯೂ ಬೇಡ, ಯಾರೂ ಎದ್ದು ಬಾ ಅನ್ನುವುದಿಲ್ಲ. ಒಬ್ಬಳು ಸ್ಕಾರ್ಫ್ ಸರಿಮಾಡಿಕೊಳ್ಳುತ್ತಾಳೆ, ಒಬ್ಬಳ ಕಣ್ಣು ತುಂಬುತ್ತದೆ.

ಇದಕ್ಕೆ ಗಡಿಯಾರ ಬೇಡ, ತೆಗೆದಿಡಿ.